ಹರ್ಮಿಟ್ ಮತ್ತು ಲವರ್ಸ್ ಒಟ್ಟಿಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಟ್ಯಾರೋ ಕಾರ್ಡ್ ಓದುತ್ತೇನೆ, ಅಂದರೆ 78 ಚಿತ್ರದ ಕಾರ್ಡ್‌ಗಳ ಕಟ್ಟಿನಿಂದ ಕೆಲವನ್ನು ತೆಗೆದು ಹಾಸಿ ಅವುಗಳ ಅರ್ಥ ಹೇಳುತ್ತೇನೆ. ಬರುವವರಲ್ಲಿ ಜಾಸ್ತಿ ಜನ ಕೇಳುವುದು ಮದುವೆ, ಸಂಬಂಧ, ಒಂಟಿತನದ ಬಗ್ಗೆ. ಹಾಗಾಗಿ ಹರ್ಮಿಟ್ ಮತ್ತು ಲವರ್ಸ್ ಎಂಬ ಎರಡು ಕಾರ್ಡ್ ಅಕ್ಕಪಕ್ಕ ಬಿದ್ದರೆ ಎದುರಿಗೆ ಕೂತವರ ಮುಖವೇ ಬದಲಾಗುತ್ತದೆ. ಒಂದರಲ್ಲಿ ಒಂಟಿ ಮುದುಕ, ಇನ್ನೊಂದರಲ್ಲಿ ಗಂಡು ಹೆಣ್ಣು. ಆಮೇಲೆ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅವಕ್ಕೆ ನಾನು ಹೇಳುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಚಿತ್ರದ ವಿವರಗಳೆಲ್ಲ ರೈಡರ್ ವೇಟ್ ಸ್ಮಿತ್ ಕಟ್ಟಿನವು. ಬಹಳ ಜನರ ಕೈಯಲ್ಲಿ ಇರುವುದು ಅದೇ.

ಈ ಎರಡೂ ಒಟ್ಟಿಗೆ ಬಂದರೆ ನಾನು ಒಬ್ಬಳೇ ಉಳಿಯುತ್ತೇನೆ ಅಂತಾನಾ?

ಇಲ್ಲ. ಈ ಜೋಡಿ "ಒಂಟಿಯೋ, ಜಂಟಿಯೋ" ಎಂದು ತೀರ್ಪು ಕೊಡುವುದಿಲ್ಲ. ಅದು ಕೇಳುವುದು ಬೇರೆಯದನ್ನೇ: ಈ ಸಂಬಂಧದ ಬಗ್ಗೆ ನೀವು ಒಬ್ಬರೇ ಕೂತು, ಯಾರ ಮಾತೂ ಕಿವಿಗೆ ಬೀಳದ ಹೊತ್ತಿನಲ್ಲಿ, ಒಮ್ಮೆಯಾದರೂ ಯೋಚಿಸಿದ್ದೀರಾ? ಹೂಂ ಅಂದವರಿಗೆ ಈ ಜೋಡಿ ಧೈರ್ಯ ಕೊಡುತ್ತದೆ. ಊಹೂಂ ಅಂದವರಿಗೆ ಸ್ವಲ್ಪ ತಡೆಯಿರಿ ಅನ್ನುತ್ತದೆ. ಅದಕ್ಕಿಂತ ಹೆಚ್ಚಿನ ಭವಿಷ್ಯವನ್ನು ಇದರಲ್ಲಿ ಹುಡುಕಬೇಡಿ. ನಾನೂ ಹುಡುಕುವುದಿಲ್ಲ.

ಹರ್ಮಿಟ್ ಅಂದ್ರೆ ಸನ್ಯಾಸಿ ಅಲ್ವಾ? ಮದುವೆ ವಿಷಯದಲ್ಲಿ ಅವನಿಗೇನು ಕೆಲಸ?

ಕಾರ್ಡನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ನೋಡಿ. ಬೂದು ನಿಲುವಂಗಿ ತೊಟ್ಟ ಮುದುಕ, ಹಿಮ ಬಿದ್ದ ಬೆಟ್ಟದ ತುದಿಯಲ್ಲಿ ನಿಂತಿದ್ದಾನೆ. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಕಂದೀಲು. ಕಂದೀಲಿನ ಒಳಗೆ ಆರು ಮೂಲೆಯ ನಕ್ಷತ್ರ. ತಲೆ ಬಗ್ಗಿಸಿದ್ದಾನೆ. ಆ ಬೆಳಕು ಊರಿಗೆಲ್ಲ ದಾರಿ ತೋರುವಂಥದ್ದಲ್ಲ, ಮುಂದಿನ ನಾಲ್ಕು ಹೆಜ್ಜೆ ಇಡಲು ಸಾಕಾಗುವಷ್ಟು.

15ನೇ ಶತಮಾನದಲ್ಲಿ ಇಟಲಿಯ ಮಿಲಾನಿನ ಅರಮನೆಗಾಗಿ ಕೈಯಿಂದ ಬರೆದ ಹಳೆಯ ಕಾರ್ಡ್‌ಗಳಲ್ಲಿ ಇದೇ ಮುದುಕನ ಕೈಯಲ್ಲಿ ಕಂದೀಲಿರಲಿಲ್ಲ, ಮರಳಿನ ಗಡಿಯಾರವಿತ್ತು. ನನಗೆ ಈ ವಿವರ ಬಹಳ ಇಷ್ಟ. ಕಂದೀಲು ನೋಡಿದರೆ "ನಿನ್ನ ಬೆಳಕಿನಲ್ಲಿ ನೋಡು" ಅಂದಂತಾಗುತ್ತದೆ, ಗಡಿಯಾರ ನೋಡಿದರೆ "ಹೊತ್ತು ತಗೋ" ಅಂದಂತಾಗುತ್ತದೆ. ಮದುವೆ ಮಾತುಕತೆಯಲ್ಲಿ ಇವೆರಡೂ ಬೇಕಲ್ವಾ?

ಇನ್ನು ಸನ್ಯಾಸದ ವಿಷಯ. ಕಟ್ಟಿನಲ್ಲಿ 22 ದೊಡ್ಡ ಕಾರ್ಡ್‌ಗಳಿಗೆ ಸೊನ್ನೆಯಿಂದ 21ರ ತನಕ ಸಂಖ್ಯೆ ಇದೆ, ಅದರಲ್ಲಿ ಇವನು ಒಂಬತ್ತನೆಯ ಕಾರ್ಡ್. ಇವನ ಮುಂದೆ ಹತ್ತನೆಯದಾಗಿ ಅದೃಷ್ಟದ ಚಕ್ರ ಇದೆ, ಕೊನೆಗೆ 21ನೆಯದಾಗಿ ದಿ ವರ್ಲ್ಡ್ ಇದೆ. ದಾರಿ ಇವನಲ್ಲಿಗೆ ಮುಗಿಯುವುದಿಲ್ಲ. ಸೂಫಿಗಳ ಚಿಲ್ಲಾ ನಮ್ಮ ಊರಿನವರಿಗೆ ಗೊತ್ತಿರುವುದೇ: ನಲವತ್ತು ದಿನದ ಏಕಾಂತ, ಆಮೇಲೆ ಮತ್ತೆ ಜನರ ನಡುವೆ. ಹರ್ಮಿಟ್ ಕಾರ್ಡನ್ನು ನಾನು ಹಾಗೇ ಓದುತ್ತೇನೆ.

ಲವರ್ಸ್ ಬಂದಿದೆ ಅಂದ್ರೆ ಲವ್ ಮ್ಯಾರೇಜ್ ಗ್ಯಾರಂಟಿನಾ?

ಗ್ಯಾರಂಟಿ ಇಲ್ಲ. ಲವರ್ಸ್ ಮೂಲದಲ್ಲಿ ಆಯ್ಕೆಯ ಕಾರ್ಡ್. ಫ್ರಾನ್ಸಿನ ಹಳೆಯ ಮಾರ್ಸೇ ಕಟ್ಟಿನಲ್ಲಿ ಒಬ್ಬ ಯುವಕ ಇಬ್ಬರು ಹೆಂಗಸರ ನಡುವೆ ನಿಂತಿರುತ್ತಾನೆ, ಮೇಲೆ ಮನ್ಮಥ ಬಾಣ ಹೂಡಿರುತ್ತಾನೆ. ಯಾರ ಕಡೆ ಹೋಗಬೇಕು ಎಂಬ ಇಕ್ಕಟ್ಟು ಚಿತ್ರದಲ್ಲೇ ಇದೆ. 1909ರಲ್ಲಿ ಲಂಡನ್ನಿನ ರೈಡರ್ ಕಂಪನಿ ಹೊಸ ಕಟ್ಟು ತಂದಾಗ, ಆರ್ಥರ್ ಎಡ್ವರ್ಡ್ ವೇಟ್ ಯೋಜನೆ ಮಾಡಿದರು, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದರು. ಆಗ ಈ ಕಾರ್ಡ್ ಪೂರ್ತಿ ಬದಲಾಯಿತು. ಒಂದು ಗಂಡು, ಒಂದು ಹೆಣ್ಣು, ಮೇಲೆ ರೆಕ್ಕೆ ಬಿಚ್ಚಿದ ದೇವದೂತ, ಅವನ ಹಿಂದೆ ಸೂರ್ಯ. ಹೆಣ್ಣಿನ ಹಿಂದಿನ ಮರದಲ್ಲಿ ಹಣ್ಣು ಮತ್ತು ಹಾವು, ಗಂಡಿನ ಹಿಂದಿನ ಮರದಲ್ಲಿ ಬೆಂಕಿಯ ನಾಲಗೆಗಳು.

ನೋಟಗಳನ್ನು ಗಮನಿಸಿ. ಗಂಡು ಹೆಣ್ಣನ್ನು ನೋಡುತ್ತಿದ್ದಾನೆ. ಹೆಣ್ಣು ಮೇಲಿನ ದೇವದೂತನನ್ನು ನೋಡುತ್ತಿದ್ದಾಳೆ. ಇಬ್ಬರೂ ತಬ್ಬಿಕೊಂಡಿಲ್ಲ, ಕೈ ಕೂಡ ಹಿಡಿದಿಲ್ಲ. ಇಬ್ಬರ ನಡುವೆ ಜಾಗ ಇದೆ, ಆ ಜಾಗದ ಹಿಂದೆ ಒಂದು ಬೆಟ್ಟ ಇದೆ. ಹರ್ಮಿಟ್ ನಿಂತಿರುವುದೂ ಬೆಟ್ಟದ ಮೇಲೆ. ಎರಡೂ ಕಾರ್ಡ್ ಜೋಡಿಸಿಟ್ಟು ಇದನ್ನು ತೋರಿಸಿದರೆ ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಜೋಡಿಯ ನಡುವೆ ಇರುವ ಜಾಗದಲ್ಲೇ ಏಕಾಂತಕ್ಕೂ ಎಡೆ ಇದೆ ಅಂತ ನನ್ನ ಓದು.

ಯಾವ ಕಾರ್ಡ್ ಯಾವ ಕಡೆ ಬಿದ್ದಿದೆ ಅನ್ನೋದು ಮುಖ್ಯನಾ?

ಮುಖ್ಯ. ಹರ್ಮಿಟ್ ನಮ್ಮ ಎಡಗಡೆ ಮುಖ ಮಾಡಿದ್ದಾನೆ, ಕಂದೀಲೂ ಆ ಕಡೆಯೇ ಇದೆ. ಲವರ್ಸ್ ಅವನ ಪಕ್ಕ ನಮ್ಮ ಎಡಗಡೆಗೆ ಬಿದ್ದರೆ ಬೆಳಕು ಜೋಡಿಯ ಮೇಲೆ ಬೀಳುತ್ತದೆ. ಆಗ ಇರುವ ಸಂಬಂಧವನ್ನೋ, ಆಗಿಹೋದ ಸಂಬಂಧವನ್ನೋ ಕಣ್ಣು ತೆರೆದು ನೋಡುವ ಕಾಲ ಎಂದು ಓದುತ್ತೇನೆ. ಲವರ್ಸ್ ಅವನ ಪಕ್ಕ ನಮ್ಮ ಬಲಗಡೆಗೆ ಬಿದ್ದರೆ ಅವನು ಬೆನ್ನು ತಿರುಗಿಸಿದಂತಾಗುತ್ತದೆ. ಅಂಥವರಿಗೆ ನಾನು ಕೇಳುವ ಪ್ರಶ್ನೆ: "ಯಾವ ಮಾತಿನಿಂದ ತಪ್ಪಿಸಿಕೊಳ್ಳುತ್ತಿದ್ದೀರಿ?" ಉತ್ತರ ನನಗೆ ಹೇಳಬೇಕಾಗಿಲ್ಲ. ಅವರಿಗೆ ಹೊಳೆದರೆ ಸಾಕು.

ಇನ್ನೊಂದು ಸಂಗತಿ. ಮೊದಲು ನಾನು ಗಟ್ಟಿಯಾಗಬೇಕು, ಆಮೇಲೆ ಸಂಗಾತಿ ಎಂದು ಎಲ್ಲರೂ ಹೇಳುತ್ತಾರೆ. ಕಾರ್ಡ್‌ಗಳ ಸಾಲಿನಲ್ಲಿ ಕ್ರಮ ತಿರುಗಾಮುರುಗಾ ಇದೆ. ಲವರ್ಸ್ ಆರನೆಯದು, ಹರ್ಮಿಟ್ ಒಂಬತ್ತನೆಯದು. ನಡುವೆ ಏಳು ರಥ, ಎಂಟು ಶಕ್ತಿ. ಅಂದರೆ ಆಯ್ಕೆ ಮಾಡಿಕೊಂಡ ಮೇಲೂ ಒಬ್ಬರೇ ಕೂರುವ ಹೊತ್ತು ಬರುತ್ತದೆ. ಮದುವೆಯಾಗಿ ಹತ್ತು ವರ್ಷದ ಮೇಲೆ "ನಂಗ ಯಾಕೋ ಒಬ್ಬಾಕಿನೇ ಕೂಡಬೇಕನಸ್ತದ" ಎನ್ನುವ ಹೆಂಗಸರಿಗೆ ನಾನು ಈ ಸಾಲನ್ನು ಬಿಡಿಸಿ ಹಾಸಿ ತೋರಿಸುತ್ತೇನೆ. ಹಾಗೆ ಅನ್ನಿಸುವುದು ಸಂಬಂಧ ಕೆಟ್ಟಿದ್ದರ ಗುರುತಲ್ಲ.

ಕಾರ್ಡ್ ಉಲ್ಟಾ ಬಂದರೆ?

ಹರ್ಮಿಟ್ ಉಲ್ಟಾ ಬಂದರೆ ಎರಡು ಸಾಧ್ಯತೆ. ಒಂಟಿಯಾಗಿದ್ದು ಒಂಟಿಯಾಗಿದ್ದು ಬಾಗಿಲು ತೆರೆಯುವುದೇ ಮರೆತಿರಬಹುದು. ಇಲ್ಲವೇ ಒಂದು ಸಂಜೆ ಕೂಡ ಒಬ್ಬರೇ ಇರಲು ಹೆದರಿ ಯಾರದೋ ಜೊತೆಗೆ ಅಂಟಿಕೊಂಡಿರಬಹುದು. ಯಾವುದು ಅಂತ ಕೂತವರಿಗೇ ಗೊತ್ತಿರುತ್ತದೆ. ಲವರ್ಸ್ ಉಲ್ಟಾ ಬಂದರೆ, ಆಯ್ಕೆ ನಿಮ್ಮದಲ್ಲ, ಬೇರೆಯವರು ಮಾಡಿಟ್ಟಿದ್ದಾರೆ ಎಂದು ನಾನು ಮೊದಲು ಅನುಮಾನಿಸುತ್ತೇನೆ. ಎರಡೂ ಉಲ್ಟಾ ಬಂದರೆ ಅವತ್ತು ಯಾವ ನಿರ್ಧಾರವೂ ಬೇಡ ಅನ್ನುತ್ತೇನೆ.

ಆರು ಮತ್ತು ಒಂಬತ್ತು ಕೂಡಿದರೆ ಹದಿನೈದು. ಅದು ಡೆವಿಲ್ ಕಾರ್ಡ್. ಕೆಡುಕಿನ ಸೂಚನೆಯಾ?

ಲೆಕ್ಕ ಸರಿಯಾಗಿದೆ. ಬಿದ್ದ ಕಾರ್ಡ್‌ಗಳ ಸಂಖ್ಯೆ ಕೂಡಿಸಿ, ಬಂದ ಮೊತ್ತದ ಕಾರ್ಡನ್ನು ಮರೆಯಲ್ಲಿರುವ ಸಲಹೆ ಎಂದು ನೋಡುವ ಪದ್ಧತಿ ಇದೆ. ಆದರೆ ಹೆದರುವ ಮೊದಲು ಡೆವಿಲ್ ಕಾರ್ಡನ್ನು ಲವರ್ಸ್ ಪಕ್ಕ ಇಟ್ಟು ನೋಡಿ. ಅದೇ ಗಂಡು, ಅದೇ ಹೆಣ್ಣು, ಅದೇ ಜಾಗ. ದೇವದೂತ ಇದ್ದಲ್ಲಿ ಕೋಡಿನ ದೆವ್ವ ಕೂತಿದೆ. ಇಬ್ಬರ ಕೊರಳಿಗೂ ಸರಪಳಿ. ಆ ಸರಪಳಿ ಎಷ್ಟು ಸಡಿಲ ಇದೆ ಅಂದರೆ ಕೈಯೆತ್ತಿ ತಲೆಯ ಮೇಲಿಂದ ತೆಗೆದುಬಿಡಬಹುದು.

ಇದನ್ನು ಎಚ್ಚರಿಕೆ ಎಂದು ಓದಿ, ಶಾಪ ಎಂದು ಬೇಡ. ಭಯಕ್ಕೆ, ಜನ ಏನಂತಾರೋ ಎಂಬುದಕ್ಕೆ, ಅಭ್ಯಾಸಕ್ಕೆ ಕಟ್ಟುಬಿದ್ದು ಸಂಬಂಧದಲ್ಲಿ ಉಳಿದಿದ್ದೇನಾ ಎಂದು ಕೇಳಿಕೊಳ್ಳಿ. ಹಾಗೇ ಭಯಕ್ಕೆ ಕಟ್ಟುಬಿದ್ದು ಒಂಟಿಯಾಗಿ ಉಳಿದಿದ್ದೇನಾ ಎಂದೂ ಕೇಳಿಕೊಳ್ಳಿ. ಹದಿನೈದರ ಒಂದು ಮತ್ತು ಐದನ್ನು ಕೂಡಿದರೆ ಮತ್ತೆ ಆರು, ಮತ್ತೆ ಲವರ್ಸ್.

ಈ ಕಾರ್ಡ್‌ಗಳಿಗೆ ರಾಶಿ ಇದೆಯಾ?

ಇದೆ. 1888ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗುಪ್ತವಿದ್ಯೆಯ ಸಂಘದವರು ಲವರ್ಸ್‌ಗೆ ಮಿಥುನ, ಹರ್ಮಿಟ್‌ಗೆ ಕನ್ಯಾ ಎಂದು ಹೊಂದಿಸಿದರು. ವೇಟ್ ಮತ್ತು ಸ್ಮಿತ್ ಇಬ್ಬರೂ ಆ ಸಂಘದಲ್ಲಿದ್ದವರು. ನಮ್ಮ ಪಂಚಾಂಗ ನೋಡುವವರಿಗೆ ತಕ್ಷಣ ಹೊಳೆಯುತ್ತದೆ: ಈ ಎರಡೂ ರಾಶಿಗೆ ಅಧಿಪತಿ ಬುಧ. ಬುಧ ಮಾತಿನ, ಬುದ್ಧಿಯ ಗ್ರಹ. ಹಾಗಾಗಿ ಈ ಜೋಡಿ ಬಂದಾಗ ನನ್ನ ಸಲಹೆ ಯಾವಾಗಲೂ ಮಾತಿನ ಕಡೆಗೇ ತಿರುಗುತ್ತದೆ. ಮೊದಲು ನಿಮ್ಮ ಜೊತೆ ನೀವು ಮಾತಾಡಿ, ಆಮೇಲೆ ಅವರ ಜೊತೆ.

ಮನೆಯಲ್ಲಿ ಗಂಡು ಗೊತ್ತುಮಾಡಿದ್ದಾರೆ, ಉತ್ತರಕ್ಕೆ ಅವಸರ ಮಾಡುತ್ತಿದ್ದಾರೆ. ಈ ಜೋಡಿ ಬಂದಿದೆ. ಏನು ಮಾಡಲಿ?

ಈ ಪ್ರಶ್ನೆ ಹಿಡಿದು ಬರುವವರೇ ಜಾಸ್ತಿ. ಆಳಂದದ ಕಡೆಯ ಒಬ್ಬ ತಂಗಿ ಬಂದಿದ್ದಳು. ಬಿ.ಎಡ್. ಮುಗಿಸಿದ ಹುಡುಗಿ. ಜಾತಕದಲ್ಲಿ ಗುಣಮೇಳ ನೋಡಿಸಿದ್ದರು. 36ಕ್ಕೆ 18 ಬಂದರೆ ಸಾಕು ಅನ್ನುವ ಲೆಕ್ಕದಲ್ಲಿ ದಾಟಿತ್ತು. ಬೀಗರಾಗುವವರು ಭಾನುವಾರದೊಳಗೆ ಹೇಳಿ ಅಂದಿದ್ದರು. ಕಾರ್ಡ್ ಹಾಸಿದಾಗ ಲವರ್ಸ್ ಉಲ್ಟಾ, ಹರ್ಮಿಟ್ ನೆಟ್ಟಗೆ. ಅವಳು ಮುದುಕನ ಮೇಲೆ ಬೆರಳಿಟ್ಟು ಕೇಳಿದಳು, "ಅಕ್ಕಾ, ಈ ಮುದುಕ ನನ್ನ ಪಾಲಿಗೆ ಯಾಕ ಬಂದಾನ?" ನಾನು ಅವಳನ್ನೇ ಕೇಳಿದೆ, "ಈ ಹುಡುಗ ನಿನಗೆ ಹ್ಯಾಂಗ ಅನಸ್ತಾನ ಅಂತ ಮನ್ಯಾಗ ಯಾರರ ಕೇಳ್ಯಾರ?" ತುಸು ಹೊತ್ತು ಸುಮ್ಮನಿದ್ದಳು. "ಎಲ್ಲಾರ ಮುಂದ ಕೇಳ್ಯಾರ. ಒಬ್ಬಾಕಿಗೇ ಯಾರೂ ಕೇಳಿಲ್ಲ" ಅಂದಳು.

ಹತ್ತು ಜನರ ಎದುರು ಹುಡುಗಿ ತಲೆ ಅಲ್ಲಾಡಿಸಿದ್ದನ್ನು ಒಪ್ಪಿಗೆ ಅನ್ನುವ ರೂಢಿ ನಮ್ಮಲ್ಲಿ ಇನ್ನೂ ಇದೆ. ನನಗೆ ಅದು ನೋವಿನ ವಿಷಯ. ಅವಳಿಗೆ ಹೂಂ ಅನ್ನು, ಊಹೂಂ ಅನ್ನು ಎಂದು ನಾನು ಹೇಳಲಿಲ್ಲ. ಅಪ್ಪನ ಹತ್ತಿರ ಎರಡು ದಿನ ಕೇಳು ಅಂದೆ. ಹುಡುಗನ ಜೊತೆ ನೀನೊಬ್ಬಳೇ ಮಾತಾಡಬೇಕು ಅಂತ ಕೇಳು ಅಂದೆ. ಕೆಲಸ ಮಾಡಲು ಬಿಡುತ್ತೀರಾ, ಸಂಬಳ ಯಾರ ಕೈಗೆ, ಯಾವ ಊರಲ್ಲಿ ಸಂಸಾರ, ತವರಿಗೆ ಹೋಗಿಬರುವುದು ಹೇಗೆ ಎಂದು ಬರೆದುಕೊಂಡು ಹೋಗಿ ಕೇಳು ಅಂದೆ. ಹರ್ಮಿಟ್ ಕೊಡುವ ಕೆಲಸ ಇಷ್ಟೇ. ನಿಮಗೂ ಇದೇ ಪರಿಸ್ಥಿತಿ ಇದ್ದರೆ ಇದನ್ನೇ ಮಾಡಿ. ಹೆತ್ತವರು ಎರಡು ದಿನ ಕೊಡುತ್ತಾರೆ. ಕೇಳುವ ಧೈರ್ಯ ಮಾಡುವುದೇ ಕಷ್ಟದ್ದು.

ಗಂಡ ಪುಣೆಯಲ್ಲಿ ಕೆಲಸ, ನಾನು ಇಲ್ಲಿ ಅತ್ತೆಮನೆಯಲ್ಲಿ. ನಮಗೆ ಈ ಜೋಡಿ ಏನು ಹೇಳುತ್ತದೆ?

ನಮ್ಮ ಭಾಗದಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದವರ ಮನೆಗಳಲ್ಲಿ ಈ ಜೋಡಿ ಹೆಚ್ಚುಕಡಿಮೆ ಬದುಕಿನ ಫೋಟೋನೇ. ಇಬ್ಬರೂ ಹರ್ಮಿಟ್, ಇಬ್ಬರೂ ಸೇರಿ ಲವರ್ಸ್. ಇಲ್ಲಿ ನಾನು ನೋಡುವುದು ಫೋನಿನ ಮಾತನ್ನು. ಗ್ಯಾಸ್ ಬಂತಾ, ಫೀಸ್ ಕಟ್ಟಿದಿಯಾ ಎಂಬಲ್ಲಿಗೇ ಮಾತು ಮುಗಿದರೆ ಕಂದೀಲು ಆರಿದಂತೆ. ವಾರಕ್ಕೊಮ್ಮೆ ಖರ್ಚಿನ ಮಾತು ಬಿಟ್ಟು ಮಾತಾಡಿ. ಅವರೂ ಆ ರೂಮಿನಲ್ಲಿ ಒಬ್ಬರೇ ಅನ್ನ ಮಾಡಿಕೊಂಡು ಉಣ್ಣುತ್ತಿರುತ್ತಾರೆ. ನೀವು ತುಂಬಿದ ಮನೆಯಲ್ಲಿದ್ದೂ ಒಂಟಿ. ಇಬ್ಬರ ಒಂಟಿತನ ಒಂದೇ ತರಹದ್ದಲ್ಲ ಅಂತ ಇಬ್ಬರಿಗೂ ಗೊತ್ತಾದರೆ ಜಗಳ ಎಷ್ಟೋ ಕಡಿಮೆಯಾಗುತ್ತದೆ.

ಕೂಡುಕುಟುಂಬದಲ್ಲಿ ಏಕಾಂತ ಎಲ್ಲಿಂದ ತರಲಿ?

ಬೆಟ್ಟ ಹತ್ತಬೇಕಿಲ್ಲ. ಬೇಸಿಗೆಯ ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆಗೆ ಹೋಗಿ, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಅರ್ಧ ಗಂಟೆ ಕೂತರೂ ಆಯಿತು. ಬೆಳಗ್ಗೆ ಅಪ್ಪನ ಕೆರೆಯ ಸುತ್ತ ಒಬ್ಬರೇ ನಡೆದುಬಂದರೂ ಆಯಿತು. ಶರಣಬಸವೇಶ್ವರ ಗುಡಿಯಲ್ಲಿ ದರ್ಶನ ಆದ ಮೇಲೆ ಗಡಿಬಿಡಿ ಮಾಡದೆ ಒಂದು ಕಡೆ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಫೋನ್ ಮಾತ್ರ ಚೀಲದಲ್ಲಿರಲಿ. ಗಂಡಸರಿಗೆ ಹೊರಗೆ ಹೋಗುವುದು ಸುಲಭ. ಆದ್ದರಿಂದ ಗಂಡಸರಿಗೆ ಈ ಜೋಡಿ ಬಂದರೆ ನಾನು ಹೇಳುವುದು ಇಷ್ಟು: ಮನೆಯ ಹೆಂಗಸಿಗೂ ದಿನಕ್ಕೆ ಅರ್ಧ ಗಂಟೆ ಸಿಗುವ ಹಾಗೆ ಮಾಡಿ, ಆ ಹೊತ್ತು ಮಕ್ಕಳನ್ನು ನೀವು ನೋಡಿಕೊಳ್ಳಿ.

ನನ್ನ ಗಂಡ ಮಾತೇ ಆಡಲ್ಲ. ಹಾಗಾದರೆ ಅವರೇ ಹರ್ಮಿಟ್ಟಾ?

ಏಕಾಂತಕ್ಕೂ ಮುನಿಸಿಗೂ ಬಹಳ ಅಂತರ ಇದೆ. ಹರ್ಮಿಟ್ ಕೈಯಲ್ಲಿ ದೀಪ ಹಿಡಿದಿದ್ದಾನೆ, ದೂರ ಇದ್ದರೂ ಅವನು ಎಲ್ಲಿದ್ದಾನೆ ಅಂತ ಕಾಣುತ್ತದೆ. ಮಾತು ಬಿಟ್ಟು ಶಿಕ್ಷೆ ಕೊಡುವವರು ದೀಪ ಆರಿಸಿ ಕೂತಿರುತ್ತಾರೆ. "ನನಗೆ ಸ್ವಲ್ಪ ಹೊತ್ತು ಬೇಕು, ಆಮೇಲೆ ಮಾತಾಡೋಣ" ಅಂದರೆ ಅದು ಏಕಾಂತ. ವಾರಗಟ್ಟಲೆ ಮುಖ ತಿರುಗಿಸಿದರೆ ಅದಕ್ಕೆ ಈ ಕಾರ್ಡಿನ ಗೌರವ ಕೊಡಬೇಡಿ.

ಹೊಡೆತ, ಬೆದರಿಕೆ, ಮನೆಯೊಳಗೆ ಕೂಡಿಹಾಕುವುದು ನಡೆದಿದ್ದರೆ ಕಾರ್ಡ್ ನೋಡುತ್ತ ಕೂರಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮನಸ್ಸು ಬಹಳ ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಂಥವರಿಗೆ ನಾನು ಕಾರ್ಡ್ ತೆಗೆಯುವುದಿಲ್ಲ. ನಂಬರ್ ಬರೆದುಕೊಡುತ್ತೇನೆ, ಬೇಕಿದ್ದರೆ ಜೊತೆಯಲ್ಲಿ ಕೂತು ಫೋನ್ ಮಾಡಿಸುತ್ತೇನೆ.

ಗಂಡ ತೀರಿಕೊಂಡಿದ್ದಾರೆ. ಮತ್ತೊಂದು ಮದುವೆಯ ಮಾತು ಬಂದಿದೆ. ಲವರ್ಸ್ ಬಂದರೆ ಒಪ್ಪಿಕೊಳ್ಳಬೇಕಾ?

ಒಪ್ಪಿಕೊಳ್ಳಬಹುದು, ಬಿಡಲೂಬಹುದು. ಎರಡೂ ಮರ್ಯಾದೆಯ ಬದುಕೇ. ದುಃಖಕ್ಕೆ ಕೊಡಬೇಕಾದ ಹೊತ್ತು ಕೊಟ್ಟಿದ್ದೀರಾ ಎಂದು ಹರ್ಮಿಟ್ ಕೇಳುತ್ತಾನೆ. ಕೊಟ್ಟಾದ ಮೇಲೆ ಲವರ್ಸ್ ಬಂದರೆ ಅದರಲ್ಲಿ ಪಾಪ ಯಾವುದೂ ಇಲ್ಲ. ನೆರೆಹೊರೆಯವರ ಬಾಯಿಗೆ ಈ ವಿಷಯದಲ್ಲಿ ಸ್ಥಾನ ಕೊಡಬೇಡಿ.

ಜೊತೆಗೆ ಮೂರನೇ ಕಾರ್ಡ್ ಬಂದರೆ ಅರ್ಥ ಬದಲಾಗುತ್ತದಾ?

ಬಹಳ ಬದಲಾಗುತ್ತದೆ. ಹೆಚ್ಚಾಗಿ ಬರುವ ಕೆಲವನ್ನು ಹೇಳುತ್ತೇನೆ. ಟು ಆಫ್ ಕಪ್ಸ್ ಬಂದರೆ ಇಬ್ಬರೂ ಸಮನಾಗಿ ಬಟ್ಟಲು ಎತ್ತಿ ಕೊಟ್ಟು ತೆಗೆದುಕೊಳ್ಳುತ್ತಿದ್ದಾರೆ, ಮಾತುಕತೆಗೆ ಒಳ್ಳೆಯ ಹೊತ್ತು. ಫೋರ್ ಆಫ್ ವಾಂಡ್ಸ್‌ನಲ್ಲಿ ನಾಲ್ಕು ಕೋಲು ನೆಟ್ಟು ಮೇಲೆ ಹೂಮಾಲೆ ಕಟ್ಟಿದ್ದಾರೆ, ಥೇಟ್ ನಮ್ಮ ಮದುವೆ ಹಂದರದ ಹಾಗೆ. ಅದು ಬಂದರೆ ನಾನೂ ಖುಷಿಪಡುತ್ತೇನೆ. ಹೈರೋಫ್ಯಾಂಟ್ ಎಂಬ ಧರ್ಮಗುರುವಿನ ಕಾರ್ಡ್ ಬಂದರೆ ಹಿರಿಯರ, ಸಂಪ್ರದಾಯದ ತೂಕ ಜಾಸ್ತಿ ಇದೆ ಎಂದರ್ಥ. ಫೈವ್ ಆಫ್ ಕಪ್ಸ್‌ನಲ್ಲಿ ಮೂರು ಬಟ್ಟಲು ಚೆಲ್ಲಿವೆ, ಬೆನ್ನ ಹಿಂದೆ ಎರಡು ಇನ್ನೂ ನಿಂತಿವೆ. ಹಳೆಯ ನೋವು ನೋಡುತ್ತ ನಿಂತವರಿಗೆ ಅದು ಬರುತ್ತದೆ.

ನನಗೆ ಅತಿ ಪ್ರೀತಿಯದು ನೈನ್ ಆಫ್ ಪೆಂಟಕಲ್ಸ್. ದ್ರಾಕ್ಷಿ ತೋಟದಲ್ಲಿ ಒಬ್ಬ ಹೆಂಗಸು ನೆಮ್ಮದಿಯಾಗಿ ನಿಂತಿದ್ದಾಳೆ. ಒಳ್ಳೆಯ ಬಟ್ಟೆ ತೊಟ್ಟಿದ್ದಾಳೆ, ಕೈಮೇಲೆ ಕಣ್ಣುಪಟ್ಟಿ ಕಟ್ಟಿದ ಡೇಗೆ ಹಕ್ಕಿ, ಕಾಲ ಬಳಿ ಸಣ್ಣ ಬಸವನಹುಳು. ಒಬ್ಬಳೇ ಇದ್ದಾಳೆ, ಯಾರನ್ನೂ ಕಾಯುತ್ತಿಲ್ಲ. ಹರ್ಮಿಟ್ ಮತ್ತು ಲವರ್ಸ್ ಜೊತೆ ಇವಳು ಬಂದರೆ, ಸಂಗಾತಿ ಬಂದರೂ ಸರಿ, ಬರದಿದ್ದರೂ ಸರಿ, ನಿಮ್ಮ ತೋಟ ನಿಮ್ಮದೇ ಎಂದು ಓದುತ್ತೇನೆ. ಸ್ವಂತ ಸಂಬಳ, ಸ್ವಂತ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ ಎಂದೂ ಸೇರಿಸುತ್ತೇನೆ.

ಇದು ನಮ್ಮ ದೇವರು ಧರ್ಮಕ್ಕೆ ವಿರುದ್ಧವಾ?

ಟ್ಯಾರೋ ಹುಟ್ಟಿದ್ದು ಇಸ್ಪೀಟಿನ ಆಟವಾಗಿ, 15ನೇ ಶತಮಾನದಲ್ಲಿ, ಉತ್ತರ ಇಟಲಿಯಲ್ಲಿ. ಫ್ರಾನ್ಸಿನಲ್ಲಿ ಇವತ್ತಿಗೂ ಆಡುತ್ತಾರೆ. 1781ರಲ್ಲಿ ಕೂರ್ ದ ಜೆಬ್ಲಾಂ ಎಂಬ ಫ್ರೆಂಚ್ ವಿದ್ವಾಂಸ ಇದು ಈಜಿಪ್ಟಿನ ಗುಪ್ತ ಜ್ಞಾನ ಎಂದು ಬರೆದ. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿ ಓದಲು ಯಾರಿಗೂ ಬರುತ್ತಿರಲಿಲ್ಲ. ಭವಿಷ್ಯ ಹೇಳಲು ಬಳಸುವುದು ಜೋರಾಗಿ ಹಬ್ಬಿದ್ದು ಅದರ ಆಸುಪಾಸಿನಲ್ಲಿ. ಇದಕ್ಕೆ ಪೂಜೆ ಇಲ್ಲ, ಮಡಿ ಇಲ್ಲ, ಹರಕೆ ಇಲ್ಲ. ನನ್ನ ಕೋಣೆಗೆ ವಿಭೂತಿ ಹಚ್ಚಿದವರೂ ಬರುತ್ತಾರೆ, ದರ್ಗಾಕ್ಕೆ ಹೋಗಿ ಬಂದವರೂ ಬರುತ್ತಾರೆ.

ಸಂಸಾರದಲ್ಲಿದ್ದೇ ಒಳಗಿನ ಬೆಳಕು ಹುಡುಕುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣರಲ್ಲಿ ಎಷ್ಟೋ ಜನ ಗಂಡ ಹೆಂಡತಿ ಇಬ್ಬರೂ ಸಾಧಕರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಹೇಳಿದ ಕತೆ ನಿಮಗೂ ಗೊತ್ತಿರುತ್ತದೆ. ಜೊತೆಯಲ್ಲಿದ್ದೂ ತನ್ನ ಅರಿವನ್ನು ತಾನೇ ಕಾಯ್ದುಕೊಂಡ ಹೆಂಗಸು. ಈ ಎರಡು ಕಾರ್ಡ್ ಒಟ್ಟಿಗೆ ಬಿದ್ದಾಗಲೆಲ್ಲ ನನಗೆ ಅವಳೇ ನೆನಪಾಗುತ್ತಾಳೆ.

ಮದುವೆ ಯಾವ ತಿಂಗಳು ಆಗುತ್ತೆ ಅಂತ ಹೇಳ್ತೀರಾ?

ಹೇಳುವುದಿಲ್ಲ.

ದೋಷ ಇದೆ, ಪರಿಹಾರಕ್ಕೆ ಇಷ್ಟು ಸಾವಿರ ಕೊಡಿ ಅಂತ ಬೇರೆ ಕಡೆ ಹೇಳಿದ್ದಾರೆ. ಕೊಡಲಾ?

ಕೊಡಬೇಡಿ. 78 ಕಾರ್ಡ್‌ಗಳಲ್ಲಿ ದೋಷ ಎಂಬ ಕಾರ್ಡ್ ಇಲ್ಲ, ದುಡ್ಡು ಕೊಟ್ಟು ತೆಗೆಸುವ ಅರ್ಥವೂ ಇಲ್ಲ. ಹೆದರಿಸಿ ಮತ್ತೆ ಮತ್ತೆ ಕರೆಸಿಕೊಳ್ಳುವವರ ಹತ್ತಿರ ಎರಡನೇ ಸಲ ಹೋಗಬೇಡಿ.

ಮನಸ್ಸಿಗೆ ಹಿಡಿಸದಿದ್ದರೆ ಮತ್ತೆ ತೆಗೆಯಬಹುದಾ?

ಅದೇ ಪ್ರಶ್ನೆಗೆ ಅದೇ ದಿನ ಬೇಡ. ಬೇಕಾದ ಉತ್ತರ ಬರುವ ತನಕ ತೆಗೆಯುತ್ತ ಹೋದರೆ ಕಾರ್ಡ್ ನೋಡಿದ ಹಾಗೂ ಆಗುವುದಿಲ್ಲ, ಯೋಚಿಸಿದ ಹಾಗೂ ಆಗುವುದಿಲ್ಲ. ಪರಿಸ್ಥಿತಿ ಬದಲಾಗಿದ್ದರೆ, ಆಡಬೇಕಾದ ಮಾತು ಆಡಿ ಮುಗಿಸಿದ್ದರೆ, ಆಗ ಬನ್ನಿ.

ಈ ಜೋಡಿಯನ್ನು ಮನೆಯಲ್ಲಿ ನಾನೇ ಓದಿಕೊಳ್ಳಬಹುದಾ?

ಖಂಡಿತ ಓದಿಕೊಳ್ಳಬಹುದು. ಬೇರೆಯವರು ಉಡುಗೊರೆ ಕೊಟ್ಟ ಕಟ್ಟೇ ಆಗಬೇಕು ಅನ್ನುವುದೆಲ್ಲ ಸುಮ್ನೆ ಹಬ್ಬಿದ ಮಾತು. ಕಟ್ಟಿನಿಂದ ಈ ಎರಡು ಕಾರ್ಡ್ ಆರಿಸಿ ತೆಗೆದು ಎದುರಿಗೆ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಹಾಳೆಗೆ "ಒಬ್ಬಳೇ ಇದ್ದಾಗ ನನಗೆ ಸಿಗುವುದು" ಎಂದು, ಬಲಗಡೆ ಹಾಳೆಗೆ "ಜೊತೆಗಿದ್ದಾಗ ಸಿಗುವುದು" ಎಂದು ಬರೆಯಿರಿ. ಹಾಳೆಗಳು ತುಂಬಲಿ. ಎರಡೂ ಕಡೆ ಬಂದಿರುವ ಮಾತುಗಳಿಗೆ ಗೆರೆ ಎಳೆಯಿರಿ, ಅವು ನೀವು ಯಾವ ಕಾರಣಕ್ಕೂ ಬಿಟ್ಟುಕೊಡಬಾರದಂಥವು. ಉಳಿದ ಕಾರ್ಡ್ ಕಲಿಯುವ ಮನಸ್ಸಾದರೆ 22 ದೊಡ್ಡ ಕಾರ್ಡ್‌ಗಳಿಂದ ಶುರುಮಾಡಿ, ದಿನಕ್ಕೊಂದು ಚಿತ್ರ ಸಾಕು. ಅರ್ಥ ಬಾಯಿಪಾಠ ಮಾಡುವ ಮೊದಲು ಯಾರು ಯಾವ ಕಡೆ ನೋಡುತ್ತಿದ್ದಾರೆ, ಕೈಯಲ್ಲಿ ಏನಿದೆ ಅಂತ ನೋಡಿ ಬರೆದಿಟ್ಟುಕೊಳ್ಳಿ.